ಕೋವಿಗೆ ವಿನಾಯಿತಿ ಉಂಟು, ನೂರು ಗ್ರಾಂ ಡಬ್ಬಿಗೆ ಇಲ್ಲ

ನಮಸ್ಕಾರ. ಮಳೆ ನಿಂತು ಬೆಟ್ಟ ಹತ್ತುವ ಸೀಸನ್ ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ಅಣ್ಣಾ, ಆ ಸ್ಯಾಟಲೈಟ್‌ನಿಂದ ಮೆಸೇಜ್ ಕಳಿಸೋ ಮಷೀನ್ ಇದೆಯಲ್ಲ, ತಡಿಯಂಡಮೋಳ್‌ಗೆ ತಗೊಂಡು ಹೋಗಬಹುದಾ? ನಮ್ಮ ಭಾವ ಅಮೆರಿಕದಿಂದ ಬರ್ತಾ ಇದ್ದಾರೆ, ತರೋಕೆ ಹೇಳ್ಲಾ?"

ಹೇಳಬೇಡಿ. ಪಾಪ, ಆ ಭಾವ ವಿಮಾನ ಇಳಿದು ಮಡಿಕೇರಿಗೆ ಬರುವ ಬದಲು ಪೊಲೀಸ್ ಠಾಣೆಗೆ ಹೋಗಬೇಕಾದೀತು. ತಮಾಷೆಗೆ ಹೇಳುತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ, ಬ್ಯಾಗಿನಲ್ಲಿ ಗಾರ್ಮಿನ್ ಇನ್‌ರೀಚ್ ಅನ್ನುವ ಅಂಥದ್ದೇ ಮಷೀನ್ ಇತ್ತು ಅನ್ನುವ ಕಾರಣಕ್ಕೆ ವಿದೇಶಿ ಪ್ರವಾಸಿಗರ ಮೇಲೆ ಕೇಸ್ ಬಿತ್ತು. ಅವರ ಊರಲ್ಲಿ ಅದು ಟಾರ್ಚ್, ಚಾಕು ಮಾರುವ ಅಂಗಡಿಯಲ್ಲೇ ಸಿಗುವ ಸಾಮಾನು. ಇಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಕಾನೂನು ಹಾಗಿದೆ, ಒಪ್ಪಿಕೊಂಡೆ. ಹಾಗೇ ಇರಬೇಕಾ ಅನ್ನುವುದು ನನ್ನ ತಕರಾರು.

ನೋಡದೇ ಇರುವವರಿಗೆ ಹೇಳುತ್ತೇನೆ. ಇನ್‌ರೀಚ್ ಮಿನಿ 2 ಅನ್ನುವ ಮಾಡೆಲ್ ಅಂಗೈಗಿಂತ ಚಿಕ್ಕದು. ತೂಕ 100 ಗ್ರಾಂ. ಮೇಲೆ ಒಂದು ಗಿಡ್ಡ ಆಂಟೆನಾ, ಸಣ್ಣ ಸ್ಕ್ರೀನ್, ಪಕ್ಕದಲ್ಲಿ ಮುಚ್ಚಳದ ಒಳಗೆ ಎಸ್‌ಒಎಸ್, ಅಂದರೆ ತುರ್ತು ಸಹಾಯ ಕೇಳುವ ಬಟನ್. ಮುಚ್ಚಳ ಯಾಕೆ ಅಂದರೆ ಬ್ಯಾಗ್ ಇಳಿಸುವಾಗ ಸುಮ್ನೆ ಕೈ ತಾಗಿ ಒತ್ತಿಹೋಗಬಾರದು. ಮುಚ್ಚಳ ತೆಗೆದು ಬಟನ್ ಒತ್ತಿ ಹಿಡಿದರೆ ಕೌಂಟ್‌ಡೌನ್ ಶುರುವಾಗುತ್ತದೆ, ಆಮೇಲೆ ಮೆಸೇಜ್ ಹೊರಡುತ್ತದೆ. ಇದಕ್ಕೆ ಮೊಬೈಲ್ ಟವರ್ ಬೇಡ. ಇರಿಡಿಯಂ ಕಂಪನಿಯ 66 ಉಪಗ್ರಹಗಳು ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಲೇ ಇರುತ್ತವೆ. ಒಂದು ಸುತ್ತಿಗೆ ಸುಮಾರು 100 ನಿಮಿಷ. ಒಂದು ಮುಳುಗುವಷ್ಟರಲ್ಲಿ ಇನ್ನೊಂದು ಮೇಲೆ ಬಂದಿರುತ್ತದೆ. ಮೆಸೇಜ್ ಒಂದರಿಂದ ಇನ್ನೊಂದಕ್ಕೆ ದಾಟಿ ದಾಟಿ ಯಾವುದೋ ದೇಶದ ನೆಲಕೇಂದ್ರಕ್ಕೆ ಇಳಿದು, ಅಲ್ಲಿಂದ ಇಂಟರ್ನೆಟ್ ಹಿಡಿದು ನಿಮ್ಮ ಮನೆಯವರ ಫೋನಿಗೆ ಬರುತ್ತದೆ. ಅವರು ಉತ್ತರ ಬರೆದರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ತಿಂಗಳ ಚಂದಾ ಕಟ್ಟಬೇಕು, ಅದು ಬೇರೆ ವಿಷಯ.

ಎಸ್‌ಒಎಸ್ ಒತ್ತಿದರೆ ಅಮೆರಿಕದ ಟೆಕ್ಸಾಸ್‌ನಲ್ಲಿರುವ ಒಂದು ಕೇಂದ್ರಕ್ಕೆ ಹೋಗುತ್ತದೆ. ಹಗಲೂ ರಾತ್ರಿ ಅಲ್ಲಿ ಜನ ಕೂತಿರುತ್ತಾರೆ. ಏನಾಯಿತು, ಎಷ್ಟು ಜನ ಇದ್ದೀರಿ, ನಡೆಯಲು ಆಗುತ್ತದಾ ಅಂತ ಕೇಳುತ್ತಾರೆ. ನೀವಿರುವ ದೇಶದ ಪೊಲೀಸರಿಗೋ ರಕ್ಷಣಾ ತಂಡಕ್ಕೋ ತಿಳಿಸುತ್ತಾರೆ. ಕಾಲು ಮುರಿದು ಒಬ್ಬನೇ ಬಿದ್ದವನಿಗೆ "ನಿಮ್ಮ ಮೆಸೇಜ್ ಸಿಕ್ಕಿದೆ, ಜನ ಹೊರಟಿದ್ದಾರೆ" ಅನ್ನುವ ಒಂದು ಸಾಲು ಓದಲು ಸಿಕ್ಕರೆ ಅವನು ಗಾಬರಿ ಬಿದ್ದು ಕತ್ತಲಲ್ಲಿ ಎದ್ದು ತೆವಳುವುದಿಲ್ಲ. ಇದ್ದಲ್ಲೇ ಇರುತ್ತಾನೆ. ಹುಡುಕುವವರಿಗೆ ಬೇಕಾಗಿರುವುದೂ ಅದೇ ಅಲ್ವಾ?

ಈಗ ನಮ್ಮ ಕಾಡಿಗೆ ಬನ್ನಿ. ಜಾಹೀರಾತಿನಲ್ಲಿ ತೋರಿಸುವುದು ಬೋಳು ಬಂಡೆ, ಮೇಲೆ ನೀಲಿ ಆಕಾಶ. ಕೊಡಗಿನ ಕಾಡು ಹಾಗಿಲ್ಲ. ಇರ್ಪು ಜಲಪಾತದ ಹತ್ತಿರದಿಂದ ಬ್ರಹ್ಮಗಿರಿಗೆ ಹತ್ತುವಾಗ ನರಿಮಲೆ ಕ್ಯಾಂಪ್ ಸಿಗುವ ತನಕ ಹೆಚ್ಚಿನ ದಾರಿ ಮರದಡಿಯಲ್ಲೇ. ತಲೆ ಎತ್ತಿದರೆ ಎಲೆ, ಎಲೆಯ ಮೇಲೆ ನೀರು. ಈ ಯಂತ್ರದ ಸಿಗ್ನಲ್‌ಗೆ ಒದ್ದೆ ಎಲೆಯಷ್ಟು ಕಿರಿಕಿರಿ ಬೇರೆ ಇಲ್ಲ. ಬಯಲಲ್ಲಿ ಒಂದೆರಡು ನಿಮಿಷಕ್ಕೆ ಹೋಗುವ ಮೆಸೇಜ್, ಶೋಲೆ ಅನ್ನುವ ದಟ್ಟ ಬೆಟ್ಟಗಾಡಿನ ಕೆಳಗೆ ಹತ್ತಿಪ್ಪತ್ತು ನಿಮಿಷ ಒದ್ದಾಡಬಹುದು. ಕಣಿವೆಯ ಆಳದಲ್ಲಿ, ತೊರೆಯ ಪಕ್ಕದಲ್ಲಿ ಬಿದ್ದಿದ್ದರೆ ಇನ್ನೂ ಕಷ್ಟ, ಅಲ್ಲಿಂದ ಕಾಣುವ ಆಕಾಶವೇ ಒಂದು ಪಟ್ಟಿಯಷ್ಟು. ನರಿಮಲೆ ದಾಟಿ ಹುಲ್ಲುಗಾವಲಿಗೆ ಬಂದರೆ ಸಮಸ್ಯೆಯೇ ಇಲ್ಲ. ತಡಿಯಂಡಮೋಳ್‌ನದೂ ಅದೇ ಕಥೆ. 1748 ಮೀಟರ್, ಜಿಲ್ಲೆಗೇ ಎತ್ತರದ ಬೆಟ್ಟ. ತುದಿ ಬೋಳು, ಅದರ ಕೆಳಗೆ ಶೋಲೆ. ಆದರೆ ಜನ ಜಾರಿ ಬೀಳುವುದು, ದಾರಿ ತಪ್ಪುವುದು ಜಾಸ್ತಿ ಎಲ್ಲಿ? ತುದಿಯಲ್ಲಿ ಅಲ್ಲ. ಇಳಿಯುವಾಗ, ಮರದಡಿಯಲ್ಲಿ, ಮಂಜು ಮುಚ್ಚಿದಾಗ, ಕಾಲು ಸೋತಾಗ.

ಹಾಗಾಗಿ ಇದನ್ನು ಬಳಸುವ ದೇಶಗಳಲ್ಲಿ ತಿಳಿದವರು ಬ್ಯಾಗಿನ ತಳದಲ್ಲಿ ತುರುಕುವುದಿಲ್ಲ. ಭುಜದ ಪಟ್ಟಿಗೆ ಸಿಕ್ಕಿಸಿ, ಆಂಟೆನಾ ಮೇಲಕ್ಕೆ ಮಾಡಿಕೊಂಡು ನಡೆಯುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಇರುವ ಜಾಗ ತಾನೇ ಕಳಿಸುವ ಹಾಗೆ ಇಟ್ಟಿರುತ್ತಾರೆ. ಆಗ ಎಸ್‌ಒಎಸ್ ಒತ್ತಲಾಗದಷ್ಟು ಪೆಟ್ಟಾದರೂ ಕೊನೆಯ ಗುರುತು ಎಲ್ಲಿ ನಿಂತಿತು ಅನ್ನುವುದು ಮನೆಯವರಿಗೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಈ ಡಬ್ಬಿಯ ನಿಜವಾದ ಬೆಲೆ ಇರುವುದು ಆ ಕೆಂಪು ಬಟನ್‌ನಲ್ಲಿ ಅಲ್ಲ, ಈ ಗುರುತುಗಳ ಸಾಲಿನಲ್ಲಿ. ಹುಡುಕುವವರು ಇಡೀ ಬೆಟ್ಟ ಜಾಲಾಡುವ ಬದಲು ಒಂದು ಹಳ್ಳದ ಎರಡು ದಡ ನೋಡಿದರೆ ಸಾಕಾಗುತ್ತದೆ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಟೆಕ್ಸಾಸ್‌ನವರು ಫೋನ್ ಮಾಡಿದರು ಅಂತಲೇ ಇಟ್ಟುಕೊಳ್ಳೋಣ. ಕೊನೆಗೆ ಬೆಟ್ಟ ಹತ್ತುವವರು ಯಾರು? ಸಿನಿಮಾದ ಹಾಗೆ ಹೆಲಿಕಾಪ್ಟರ್ ಬರುವುದಿಲ್ಲ. ಮಂಜು ಕವಿದರೆ ಬಂದರೂ ಇಳಿಯಲು ಆಗುವುದಿಲ್ಲ. ಬರುವವರು ಫಾರೆಸ್ಟ್ ವಾಚರ್, ಗಾರ್ಡ್, ಠಾಣೆಯಿಂದ ಇಬ್ಬರು, ಹೋಂಸ್ಟೇಯವರು, ತೋಟದಲ್ಲಿ ಕೆಲಸ ಮಾಡುವ ಹುಡುಗರು, ಕಾಡಿನ ಒಳದಾರಿ ಗೊತ್ತಿರುವ ಕುಡಿಯರು, ಯರವರು, ಜೇನುಕುರುಬರು. ಕೈಯಲ್ಲಿ ಟಾರ್ಚ್, ಕತ್ತಿ. ಎದುರಿಗೆ ಆನೆ ಸಿಗಬಹುದು ಅನ್ನುವ ಭಯ, ಕಾಲಿಗೆ ಜಿಗಣೆ. ಮೈಕೈ ನೋಯಿಸಿಕೊಂಡವನನ್ನು ಕಂಬಳಿಗೆ ಕೋಲು ಕಟ್ಟಿ ಹೊತ್ತು ತರುವವರು ಇವರೇ. "ಮೇಲೆ ಎಲ್ಲೋ ಇದ್ದಾನೆ" ಅನ್ನುವುದಕ್ಕೂ "ಈ ಜಾಗದಲ್ಲಿ ಇದ್ದಾನೆ" ಅನ್ನುವುದಕ್ಕೂ ಇವರ ಪಾಲಿಗೆ ಒಂದು ಇಡೀ ರಾತ್ರಿಯ ವ್ಯತ್ಯಾಸ ಉಂಟು. ಆ ಯಂತ್ರ ಟ್ರೆಕ್ಕರ್‌ಗೆ ಬೇಕು ಅಂತ ಎಲ್ಲರೂ ವಾದ ಮಾಡುತ್ತಾರೆ. ನಾನು ಹೇಳುವುದು, ಅದು ಹುಡುಕಲು ಹೋಗುವವರಿಗೆ ಜಾಸ್ತಿ ಬೇಕು.

ಇಲ್ಲಿಗೆ ಬಂದಾಗ ನನಗೆ ನಗು ಬರುತ್ತದೆ. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನು ಹಿಡಿದವರಿಗೆ ಆಯುಧ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಉಂಟು. ದೂರದ ಮನೆಗಳಿಗೆ, ಫೋನ್ ಇಲ್ಲದ ಕಾಲದಲ್ಲಿ, ಸುದ್ದಿ ಮುಟ್ಟಿಸಿದ್ದು ಅದೇ ಸದ್ದು. ಅಂಥ ಕೋವಿಯನ್ನು ನಂಬಿ ಕೈಗೆ ಕೊಟ್ಟ ಸರ್ಕಾರ, "ಕಾಲು ಮುರಿದಿದೆ, ಬನ್ನಿ" ಅಂತ ಬರೆಯುವ ಡಬ್ಬಿಯನ್ನು ನಂಬುವುದಿಲ್ಲ.

ಅವರ ಕಡೆಯ ಮಾತನ್ನೂ ಕೇಳಬೇಕು. ಮೂಲ ಕಾನೂನು ಹಳೆಯದು, 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ. ಆದರೆ ಭಯ ಹಳೆಯದಲ್ಲ. 2008ರಲ್ಲಿ ಮುಂಬೈಗೆ ಬಂದ ಉಗ್ರರ ಹತ್ತಿರ ಸ್ಯಾಟಲೈಟ್ ಫೋನ್ ಇತ್ತು. ಇಲ್ಲಿನ ನೆಟ್‌ವರ್ಕ್ ಮುಟ್ಟದೆ ನೇರ ಆಕಾಶಕ್ಕೆ ಹೋಗುವ ಮಾತನ್ನು ಇಲ್ಲಿನವರು ಕೇಳಿಸಿಕೊಳ್ಳಲು ಆಗುವುದಿಲ್ಲ ಅನ್ನುವುದು ತಕರಾರು. ಥುರಾಯಾ, ಇರಿಡಿಯಂ ಕಂಪನಿಗಳ ಸ್ಯಾಟಲೈಟ್ ಫೋನ್ ಬೇಡ ಅಂದದ್ದು ಅದಕ್ಕೇ. ಬಿಎಸ್‌ಎನ್‌ಎಲ್ ಮೂಲಕ, ಅನುಮತಿ ತೆಗೆದುಕೊಂಡು ಇನ್‌ಮಾರ್ಸ್ಯಾಟ್ ಅನ್ನುವ ಇನ್ನೊಂದು ಕಂಪನಿಯ ಫೋನ್ ಬಳಸಲು ಅವಕಾಶ ಇದೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಸ್ ಹತ್ತುವ ಹುಡುಗ ಅದಕ್ಕೆ ಅರ್ಜಿ ಹಾಕಿಕೊಂಡು ಕೂರುತ್ತಾನಾ? ಐಫೋನ್ 14ರಿಂದ ಈಚಿನ ಫೋನ್‌ಗಳಲ್ಲಿ ಸ್ಯಾಟಲೈಟ್ ಎಸ್‌ಒಎಸ್ ಇದೆ ಅಂತ ಕೆಲವರು ಧೈರ್ಯದಲ್ಲಿರುತ್ತಾರೆ. 2022ರಲ್ಲಿ ಅಮೆರಿಕ, ಕೆನಡಾದಲ್ಲಿ ಶುರುವಾದ ಸೌಲಭ್ಯ ಅದು. ಆ ಧೈರ್ಯದ ಮೇಲೆ ಕೊಡಗಿನ ಬೆಟ್ಟ ಹತ್ತಬೇಡಿ. ಭಾರತದಲ್ಲಿ ಅದನ್ನು ಕೊಟ್ಟಿಲ್ಲ.

ಭದ್ರತೆಯ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೆ ದಾರಿ ನಮ್ಮಲ್ಲೇ ಇದೆ, ಸಮುದ್ರದಲ್ಲಿ. ಆಳಸಮುದ್ರಕ್ಕೆ ಹೋಗುವ ಮೀನುಗಾರರಿಗೆ ಇಸ್ರೋ 2010ರಿಂದಲೇ ಡ್ಯಾಟ್ ಅನ್ನುವ ಅಪಾಯದ ಸಂದೇಶ ಕಳಿಸುವ ಯಂತ್ರ ಕೊಟ್ಟಿದೆ. ದೋಣಿಗೆ ಬೆಂಕಿ ಬಿತ್ತು, ಮುಳುಗುತ್ತಿದೆ, ವೈದ್ಯರು ಬೇಕು, ಇಂಥದ್ದಕ್ಕೆ ಬಟನ್ ಒತ್ತಿದರೆ ನಮ್ಮದೇ ಉಪಗ್ರಹದ ಮೂಲಕ ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಬರುತ್ತದೆ. ಯಾವ ದೋಣಿ, ಎಲ್ಲಿದೆ ಅಂತ ನೋಡಿ ಕೋಸ್ಟ್ ಗಾರ್ಡ್‌ಗೆ ತಿಳಿಸುತ್ತಾರೆ. 2024ರಲ್ಲಿ ಬಂದ ಎರಡನೇ ತಲೆಮಾರಿನ ಯಂತ್ರದಲ್ಲಿ ದಡದಿಂದ ಉತ್ತರವೂ ಹೋಗುತ್ತದೆ. ಉಪಗ್ರಹ ನಮ್ಮದು, ಕೇಂದ್ರ ನಮ್ಮದು, ಯಾರ ಹೆಸರಲ್ಲಿ ಯಾವ ಯಂತ್ರ ಇದೆ ಅನ್ನುವ ಲೆಕ್ಕವೂ ನಮ್ಮದು. ಟೆಕ್ಸಾಸ್ ಯಾಕೆ ಬೇಕು? ಮಂಗಳೂರಿನ ದೋಣಿಗೆ ಕೊಟ್ಟದ್ದನ್ನು ಮಡಿಕೇರಿಯ ಬೆಟ್ಟಕ್ಕೆ ಯಾಕೆ ಕೊಡಬಾರದು? ಯಂತ್ರವನ್ನು ಬ್ಯಾಗಿಗೆ ಹಿಡಿಯುವ ಹಾಗೆ ಸಣ್ಣದು ಮಾಡಬೇಕಾಗುತ್ತದೆ, ಅಷ್ಟೇ. ಉಪಗ್ರಹ ಹಾರಿಸಿದವರಿಗೆ ಅದು ದೊಡ್ಡ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ.

ಕೊಡುವುದು ಹೇಗೆ ಅಂತಲೂ ಹೇಳುತ್ತೇನೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೋ ನೀವೆಲ್ಲ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಟ್ರೆಕ್ಕಿಂಗ್‌ಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಒಳ್ಳೆಯದೇ. ಹೆಸರು, ಗುರುತಿನ ಚೀಟಿ, ದಿನ, ದಾರಿ ಎಲ್ಲ ಈಗ ಇಲಾಖೆಯ ಹತ್ತಿರ ಇದೆ. ಅದೇ ಗೇಟ್‌ನಲ್ಲಿ ಗುಂಪಿಗೆ ಒಂದು ಯಂತ್ರ ಬಾಡಿಗೆಗೆ ಕೊಡಿ. ಡೆಪಾಸಿಟ್ ಇಟ್ಟುಕೊಳ್ಳಿ. ಇಳಿದು ಬಂದು ವಾಪಸ್ ಕೊಟ್ಟರೆ ದುಡ್ಡು ಕೊಡಿ. ಸುಮ್ನೆ ಒತ್ತಿ ಜನರನ್ನು ಓಡಾಡಿಸಿದರೆ ಡೆಪಾಸಿಟ್ ಹೋಯಿತು, ಮೇಲೆ ದಂಡ. ಲೈಸೆನ್ಸ್ ಇಲಾಖೆಯದ್ದೇ ಇರಲಿ. ಯಾರ ಕೈಗೂ ಶಾಶ್ವತವಾಗಿ ಹೋಗುವುದಿಲ್ಲ, ಗಡಿ ದಾಟುವುದಿಲ್ಲ. ಮತ್ತೊಂದು ಲಾಭ ಉಂಟು. ಸಂಜೆ ಎಷ್ಟು ಯಂತ್ರ ವಾಪಸ್ ಬಂದಿಲ್ಲ ಅಂತ ನೋಡಿದರೆ ಯಾರು ಇಳಿದಿಲ್ಲ ಅಂತ ತಾನೇ ಗೊತ್ತಾಗುತ್ತದೆ.

ಟ್ರೆಕ್ಕಿಂಗ್ ಶೋಕಿಗೆ ಸರ್ಕಾರ ಯಾಕೆ ಖರ್ಚು ಮಾಡಬೇಕು ಅಂತ ನಮ್ಮ ಊರಿನ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಬೆಟ್ಟ ಹತ್ತುವವರಿಗೆ ಮಾತ್ರ ಅಂತ ಯಾಕೆ ನೋಡಬೇಕು ಸ್ವಾಮಿ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಕುಸಿದಾಗ ಕರೆಂಟ್ ಹೋಯಿತು, ರಸ್ತೆ ಹೋಯಿತು, ಫೋನೂ ಹೋಯಿತು. ಈಗಲೂ ಜೋರು ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ, ಬ್ಯಾಟರಿ ಮುಗಿದ ಟವರ್ ಸುಮ್ಮನೆ ನಿಂತಿರುತ್ತದೆ. ಮಳೆಗಾಲದಲ್ಲಿ ಟ್ರೆಕ್ಕಿಂಗ್ ಇಲ್ಲದಾಗ ಅದೇ ಯಂತ್ರಗಳನ್ನು ಪಂಚಾಯಿತಿಗೆ, ಆಶಾ ಕಾರ್ಯಕರ್ತೆಯರಿಗೆ, ಗುಡ್ಡದಂಚಿನ ಊರುಗಳಿಗೆ ಕೊಡಬಹುದು. ನನ್ನನ್ನು ಕೇಳಿದರೆ ಮೊದಲು ಕೊಡಬೇಕಾದದ್ದೇ ಅವರಿಗೆ.

ಅಲ್ಲಿಯವರೆಗೆ ಏನು? ಜೇಬಿನಲ್ಲಿರುವ ಫೋನ್ ಪೂರ್ತಿ ದಂಡವೇನಲ್ಲ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಮ್ಯಾಪ್ ಮೊದಲೇ ಇಳಿಸಿಕೊಂಡಿರಬೇಕು ಅಷ್ಟೇ. ಫ್ಲೈಟ್ ಮೋಡ್‌ನಲ್ಲಿ ಇಟ್ಟರೆ ಬ್ಯಾಟರಿ ಉಳಿಯುತ್ತದೆ. ಸಿಗ್ನಲ್ ಹುಡುಕುತ್ತಾ ಹುಡುಕುತ್ತಾ ಫೋನ್ ಸಾಯುವುದೇ ಜಾಸ್ತಿ. ನಿಮ್ಮ ಸಿಮ್‌ಗೆ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಗುವ ಜಾಗದಲ್ಲಿ 112ಕ್ಕೆ ಕರೆ ಹೋಗುತ್ತದೆ. ಮಾತು ಕಟ್ ಆಗುವ ಕಡೆ ಎಸ್‌ಎಂಎಸ್ ನುಸುಳಬಹುದು. ಬರೆಯುವಾಗ "ಹೆಲ್ಪ್" ಅಂತ ಒಂದೇ ಪದ ಬರೆಯಬೇಡಿ. ಜಿಪಿಎಸ್ ಅಂಕಿ, ಎಷ್ಟು ಜನ, ಏನು ಪೆಟ್ಟು, ನಡೆಯಲು ಆಗುತ್ತದಾ ಇಲ್ಲವಾ, ಇಷ್ಟು ಬರೆಯಿರಿ. ಒಂದು ಸೀಟಿ ಇಟ್ಟುಕೊಳ್ಳಿ. ಗಂಟಲು ಬಿದ್ದುಹೋಗುತ್ತದೆ, ಸೀಟಿ ಬೀಳುವುದಿಲ್ಲ. ಹೋಂಸ್ಟೇಯವರ ಕೈಗೆ ಒಂದು ಚೀಟಿ ಕೊಟ್ಟು ಹೋಗಿ: ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ಇಳಿಯುತ್ತೇವೆ, ಎಷ್ಟು ಗಂಟೆ ದಾಟಿದರೆ ಫಾರೆಸ್ಟ್‌ನವರಿಗೆ ಫೋನ್ ಮಾಡಬೇಕು. ಇಳಿದ ಮೇಲೆ ಅವರಿಗೆ ಹೇಳದೆ ಕಾರು ಹತ್ತಿ ಬೆಂಗಳೂರಿಗೆ ಹೊರಟುಬಿಡಬೇಡಿ. ಹಾಗೆ ಹೊರಟವರನ್ನು ರಾತ್ರಿಯೆಲ್ಲ ಕಾಡಿನಲ್ಲಿ ಹುಡುಕುವ ಗ್ರಹಚಾರ ಯಾರಿಗೂ ಬೇಡ.

ಮತ್ತೆ ತಡಿಯಂಡಮೋಳ್ ಬುಡದ ಕಕ್ಕಬ್ಬೆ ಕಡೆ ಹೋದಾಗ, ಗೇಟ್‌ನಲ್ಲಿ ಟಿಕೆಟ್ ತೋರಿಸುವಾಗ ಒಂದು ಮಾತು ಕೇಳಿ. "ಸಾರ್, ಹತ್ತಿದವರ ಲೆಕ್ಕ ಬರೆಯುತ್ತೀರಿ, ಇಳಿದವರ ಲೆಕ್ಕ ಎಷ್ಟು ಗಂಟೆಗೆ ನೋಡುತ್ತೀರಿ?" ಸರಿಯಾದ ಉತ್ತರ ಬಂದರೆ ಖುಷಿಯಿಂದ ಹತ್ತಿ. ಬರದಿದ್ದರೆ ಕೆಳಗೆ ಬಂದ ಮೇಲೆ ಇಲಾಖೆಗೆ ಒಂದು ಪತ್ರ ಬರೆಯಿರಿ, ಮೀನುಗಾರರ ಯಂತ್ರದ ವಿಷಯವನ್ನೂ ಅದರಲ್ಲೇ ಸೇರಿಸಿ.