ಸುಸ್ತಿನ ಹಿಂದಿನ ಎರಡು ಗ್ರಂಥಿಗಳು

ಕೇಳುಗರಿಗೆ ನಮಸ್ಕಾರ.

"ರಾತ್ರಿಯೆಲ್ಲ ಮಲಗಿದ್ದರೂ ಏಳುವಾಗ ಮೈ ಭಾರ. ನಾಲ್ಕು ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತದೆ. ಥೈರಾಯ್ಡ್ ಇರಬಹುದಾ ಡಾಕ್ಟ್ರೇ?" ಕ್ಲಿನಿಕ್ಕುಗಳಲ್ಲಿ ದಿನವೂ ಕೇಳಿಬರುವ ಪ್ರಶ್ನೆ ಇದು. ಇರಬಹುದು. ಆದರೆ ಕಾರಣ ಗೊತ್ತಾಗುವ ಮೊದಲೇ ಮಾತ್ರೆ ಶುರುವಾಗುತ್ತದೆ, ಆ ಮಾತ್ರೆಯನ್ನೂ ಸರಿಯಾಗಿ ನುಂಗುವುದಿಲ್ಲ, ಸುಸ್ತು ಹೋಗಲಿಲ್ಲವೆಂದು ಯಾರೋ ಹೇಳಿದ ಇನ್ನೊಂದು ಡಬ್ಬಿ ಮನೆಗೆ ಬರುತ್ತದೆ. ಹೀಗಾಗಬಾರದು. ಥೈರಾಯ್ಡ್ ಮತ್ತು ಅಡ್ರಿನಲ್ ಎಂಬ ಎರಡು ಗ್ರಂಥಿಗಳನ್ನು ಒಟ್ಟಿಗೆ ನೋಡಬೇಕು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಔಷಧ ಕೊಟ್ಟರೆ ಕೆಲವೊಮ್ಮೆ ಜೀವಕ್ಕೇ ಅಪಾಯ.

ಗಂಟಲಿನ ಉಬ್ಬಿಗಿಂತ ತುಸು ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಅಂಟಿಕೊಂಡಿರುವುದು ಥೈರಾಯ್ಡ್. ತೂಕ 15ರಿಂದ 20 ಗ್ರಾಂ. ಇದು ಸುರಿಸುವ ಟಿ4 ಹಾರ್ಮೋನು ದೇಹದೊಳಗೆ ಟಿ3 ಆಗಿ, ಒಲೆಯ ಉರಿ ಹೆಚ್ಚುಕಡಿಮೆ ಮಾಡಿದಂತೆ ಪ್ರತಿ ಜೀವಕೋಶದ ಕೆಲಸದ ವೇಗವನ್ನು ನಡೆಸುತ್ತದೆ. ಉರಿ ತಗ್ಗಿದರೆ ಸುಸ್ತಿನ ಜೊತೆಗೆ ಚಳಿ ತಡೆಯಲಾಗದು, ಮಲಬದ್ಧತೆ, ಒಣಚರ್ಮ, ಒಡಕು ದನಿ, ನಿಧಾನದ ನಾಡಿ, ಹೆಂಗಸರಲ್ಲಿ ಮುಟ್ಟಿನ ಸ್ರಾವ ಹೆಚ್ಚು. ಉರಿ ಮಿತಿಮೀರಿದರೂ ಸುಸ್ತೇ, ಆದರೆ ಅದರ ಲಕ್ಷಣ ಬೇರೆ: ಎದೆ ಢವಢವ, ಬೆರಳ ನಡುಕ, ಚೆನ್ನಾಗಿ ತಿಂದರೂ ಇಳಿಯುವ ತೂಕ, ನೆಲದಿಂದ ಏಳಲು ತೊಡೆಯಲ್ಲಿ ಬಲವಿಲ್ಲ.

ಹಿಂದೆ ಚಿಕ್ಕಮಗಳೂರು, ಕೊಡಗಿನ ಕಡೆ ಗಳಗಂಡ ಸಾಮಾನ್ಯವಾಗಿತ್ತು. ಕಾರಣ ಅಯೋಡಿನ್ ಕೊರತೆ. ದೇಶದಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1962ರಲ್ಲಿ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಅಡುಗೆಯ ಅಯೋಡಿನ್ ಉಪ್ಪಿನಿಂದಲೇ ಬಹುಪಾಲು ಸಿಗುತ್ತದೆ. ಡಬ್ಬಿಯ ಮುಚ್ಚಳ ಭದ್ರವಾಗಿರಲಿ, ತೇವ ತಾಗಿದರೆ ಅಯೋಡಿನ್ ಹೋಗುತ್ತದೆ. ಈಗ ನಾವು ಕಾಣುವ ಥೈರಾಯ್ಡ್ ಕೊರತೆಗೆ ಹೆಚ್ಚಾಗಿ ಕಾರಣ ಬೇರೆಯೇ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯನ್ನು ಸವೆಸುವ ಕಾಯಿಲೆ ಅದು, 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ಬಣ್ಣಿಸಿದ್ದು. ಇದಕ್ಕೆ ಅಯೋಡಿನ್ ಟಾನಿಕ್ ಕುಡಿದು ಪ್ರಯೋಜನವಿಲ್ಲ, ಕೆಲವರಲ್ಲಿ ಕಾಯಿಲೆ ಹೆಚ್ಚುತ್ತದೆ.

ಇನ್ನು ಪರೀಕ್ಷೆ. ಥೈರಾಯ್ಡಿಗೆ ಕೆಲಸ ಹೇಳುವ ಮೇಸ್ತ್ರಿ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದರ ಕೂಗೇ ಟಿಎಸ್‌ಎಚ್. ಆಳು ನಿಧಾನಿಸಿದಷ್ಟೂ ಮೇಸ್ತ್ರಿಯ ಕೂಗು ಜೋರು. ಅದಕ್ಕೇ ಥೈರಾಯ್ಡ್ ಕುಗ್ಗಿದಾಗ ಟಿಎಸ್‌ಎಚ್ ಏರುತ್ತದೆ. ಹೆಚ್ಚಿನ ಲ್ಯಾಬುಗಳಲ್ಲಿ ವಯಸ್ಕರ ಮಿತಿ ಸುಮಾರು 0.4ರಿಂದ 4. ಹತ್ತು ದಾಟಿದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕು. ನಾಲ್ಕರಿಂದ ಹತ್ತರ ನಡುವೆ ಇದ್ದರೆ, ಗರ್ಭಿಣಿಯರನ್ನು ಬಿಟ್ಟು ಉಳಿದವರಲ್ಲಿ, ಎರಡು ಮೂರು ತಿಂಗಳು ಬಿಟ್ಟು ಟಿ4 ಸಮೇತ ಮತ್ತೆ ನೋಡುವುದು ಲೇಸು. ಎಷ್ಟೋ ಸಲ ಅದು ತಾನಾಗಿ ಇಳಿದಿರುತ್ತದೆ. ಐದೂವರೆ ಬಂದ ಮಾತ್ರಕ್ಕೆ ಸುಸ್ತಿನ ಹೊಣೆಯೆಲ್ಲ ಥೈರಾಯ್ಡಿನ ತಲೆಗೆ ಕಟ್ಟಬಾರದು. ಹಿಮೋಗ್ಲೋಬಿನ್, ಬಿ12, ಸಕ್ಕರೆ ನೋಡಿದ್ದೀರಾ? ರಾತ್ರಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆಯೇ? ಮನಸ್ಸು ಕುಗ್ಗಿದೆಯೇ? ಸುಸ್ತಿಗೆ ಇವೇ ಹೆಚ್ಚು ಸಾಮಾನ್ಯ ಕಾರಣಗಳು. ಇನ್ನೊಂದು ಮಾತು: ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುವವರು ರಕ್ತ ಕೊಡುವ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಹಲವು ಯಂತ್ರಗಳಲ್ಲಿ ವರದಿ ತಿರುವುಮುರುವಾಗಿ ಬರುತ್ತದೆ.

ಕೊರತೆ ಖಚಿತವಾದರೆ ಔಷಧ ಥೈರಾಕ್ಸಿನ್. ಗ್ರಂಥಿ ಪೂರ್ತಿ ಸೋತವರಿಗೆ ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ, ಅಂದರೆ 60 ಕಿಲೋ ಇದ್ದವರಿಗೆ 100ರ ಆಸುಪಾಸು. ವಯಸ್ಸಾದವರಿಗೆ, ಹೃದಯದ ತೊಂದರೆಯವರಿಗೆ 12.5 ಅಥವಾ 25ರಿಂದ ಮೆಲ್ಲಗೆ ಏರಿಸುತ್ತಾರೆ. ಔಷಧ ಒಳ್ಳೆಯದೇ, ಎಡವಟ್ಟಾಗುವುದು ಅಡುಗೆಮನೆಯಲ್ಲಿ. ಬೆಳಿಗ್ಗೆ ಎದ್ದು ಮಾತ್ರೆ ಬಾಯಿಗೆ ಹಾಕಿ, ಹಿಂದೆಯೇ ಫಿಲ್ಟರ್ ಕಾಫಿ ಗುಟುಕರಿಸಿದರೆ ಮಾತ್ರೆಯ ಒಂದಷ್ಟು ಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಬರಿಹೊಟ್ಟೆಗೆ, ಬರೀ ನೀರಿನಲ್ಲಿ ನುಂಗಿ. ಕಾಫಿ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ನಾಲ್ಕು ಗಂಟೆ ದೂರವಿರಲಿ, ಮಧ್ಯಾಹ್ನದ ಊಟದ ಜೊತೆಗಿಟ್ಟುಕೊಂಡರೆ ಮರೆಯುವುದಿಲ್ಲ. ಬೆಳಿಗ್ಗೆ ಕಷ್ಟವೆನ್ನುವವರು ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ನುಂಗಬಹುದು. ನೂರು ಮಾತ್ರೆಯ ಬಾಟಲಿಯನ್ನು ಒಲೆಯ ಪಕ್ಕದ ಶೆಲ್ಫಿನಲ್ಲಿ ಇಡಬೇಡಿ. ಬಿಸಿಗೂ ಹಬೆಗೂ ಥೈರಾಕ್ಸಿನ್ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಈ ಔಷಧದ ಅರ್ಧ ಭಾಗ ದೇಹದಿಂದ ಹೋಗಲು ಒಂದು ವಾರ ಹಿಡಿಯುತ್ತದೆ. ಹಾಗಾಗಿ ಡೋಸ್ ಬದಲಿಸಿದ ಹದಿನೈದನೇ ದಿನ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ಆರರಿಂದ ಎಂಟು ವಾರ ಬಿಟ್ಟು ನೋಡಿ. ಮಾತ್ರೆ ನುಂಗುತ್ತಿರುವ ಹೆಣ್ಣುಮಕ್ಕಳು ಗರ್ಭಿಣಿಯಾದದ್ದು ತಿಳಿದ ಕೂಡಲೇ ವೈದ್ಯರಿಗೆ ತಿಳಿಸಿ. ಡೋಸ್ ಸಾಮಾನ್ಯವಾಗಿ ಕಾಲುಭಾಗಕ್ಕಿಂತ ಹೆಚ್ಚೇ ಏರಿಸಬೇಕಾಗುತ್ತದೆ, ತಿಂಗಳ ಚೆಕಪ್ಪಿನವರೆಗೆ ಕಾಯುವುದು ಬೇಡ.

ಇನ್ನು ಎರಡನೆಯ ಗ್ರಂಥಿ. ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಪುಟ್ಟ ಟೋಪಿಯಂತೆ ಕೂತ ಅಡ್ರಿನಲ್‌ಗಳು ಒಂದೊಂದೂ ನಾಲ್ಕೈದು ಗ್ರಾಂ. ಇವು ಕೊಡುವ ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಗಿನ ಜಾವ ಏರಿ, ಎಂಟರ ಹೊತ್ತಿಗೆ ತುಂಬಿದ್ದು, ನಡುರಾತ್ರಿಗೆ ತಳ ಕಾಣುತ್ತದೆ. ಜ್ವರ, ಗಾಯ, ಆಪರೇಷನ್‌ಗಳಲ್ಲಿ ರಕ್ತದೊತ್ತಡ ಕುಸಿಯದಂತೆ ಕಾಯುವುದೂ ಇದೇ. ಈ ಗ್ರಂಥಿ ಹಾಳಾಗುವ ಕಾಯಿಲೆಯನ್ನು ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿ ಬಣ್ಣಿಸಿದರು. ಅವರ ಕಾಲದಲ್ಲಿ ಕ್ಷಯ ದೊಡ್ಡ ಕಾರಣವಾಗಿತ್ತು, ನಮ್ಮ ದೇಶದಲ್ಲಿ ಇಂದೂ ಕ್ಷಯವನ್ನು ಮರೆಯುವಂತಿಲ್ಲ.

ಈ ಸುಸ್ತಿನ ಗುರುತುಗಳನ್ನು ದಯವಿಟ್ಟು ಗಮನಿಸಿ. ತೂಕ ಇಳಿಯುತ್ತದೆ, ಹಸಿವು ಸಾಯುತ್ತದೆ, ವಾಕರಿಕೆ, ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ಉಪ್ಪಿನಕಾಯಿ, ಉಪ್ಪು ಬೇಕೇಬೇಕು ಎನಿಸುತ್ತದೆ. ಬಿಸಿಲಿಗೆ ಹೋಗದಿದ್ದರೂ ಮೈ ಕಪ್ಪಾಗುತ್ತದೆ. ನಮ್ಮದು ಮೊದಲೇ ಕಂದು ಮೈಬಣ್ಣ, ಸುಲಭಕ್ಕೆ ತಿಳಿಯದು. ಅಂಗೈ ಬಿಡಿಸಿ ಗೆರೆಗಳ ಒಳಗೆ ನೋಡಿ, ಬೆರಳ ಗೆಣ್ಣು ನೋಡಿ, ತುಟಿ ಮಗುಚಿ ಒಸಡು ನೋಡಿ, ಹೊಸ ಗಾಯದ ಕಲೆ ನೋಡಿ. ಕೆಲವರಿಗೆ ಅಲ್ಲಿನ ಕಪ್ಪು ಹುಟ್ಟಿನಿಂದಲೇ ಇರುತ್ತದೆ, ನೋಡಬೇಕಾದದ್ದು ಬದಲಾವಣೆ. ಎರಡು ವರ್ಷದ ಹಿಂದಿನ ಫೋಟೋ ಪಕ್ಕಕ್ಕಿಟ್ಟುಕೊಂಡರೆ ಗೊತ್ತಾಗುತ್ತದೆ. ಬಿಪಿ ಯಂತ್ರವಿದ್ದರೆ ಐದು ನಿಮಿಷ ಮಲಗಿ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ತೋರಿಸಿ. ರಕ್ತದಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು ಇದ್ದರೆ ಅನುಮಾನ ಬಲವಾಗುತ್ತದೆ.

ಬೆಳಿಗ್ಗೆ ಎಂಟರ ಸುಮಾರಿಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಬಹುತೇಕ ಖಚಿತ, 18ರ ಮೇಲಿದ್ದರೆ ಸಾಮಾನ್ಯವಾಗಿ ಇಲ್ಲ. ನಡುವೆ ಇದ್ದರೆ ಎಸಿಟಿಎಚ್ (ಅಡ್ರಿನಲ್‌ಗೆ ಕೆಲಸ ಹೇಳುವ ಪಿಟ್ಯುಟರಿಯ ಕೂಗು) ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಗೋ ಒಂದು ಗಂಟೆಗೋ ಮತ್ತೆ ನೋಡುತ್ತಾರೆ. ಸಂಜೆ ನಾಲ್ಕಕ್ಕೆ ತೆಗೆದ ರಕ್ತದಿಂದ ಇದನ್ನು ತೀರ್ಮಾನಿಸಲಾಗದು.

ಎರಡು ಗ್ರಂಥಿಗಳು ಕೂಡುವ ಜಾಗ ಇಲ್ಲಿದೆ. ಕಾರ್ಟಿಸಾಲ್ ಕೊರತೆಯಿದ್ದಾಗ ಟಿಎಸ್‌ಎಚ್ ತಾನಾಗಿ ಸ್ವಲ್ಪ ಏರುತ್ತದೆ. ವರದಿಯಲ್ಲಿ ಏಳೋ ಎಂಟೋ ಕಂಡು ಥೈರಾಕ್ಸಿನ್ ಶುರು ಮಾಡಿದರೆ ದೇಹದ ಉರಿ ಏರಿ, ಇದ್ದಬದ್ದ ಕಾರ್ಟಿಸಾಲೂ ಬೇಗ ಕರಗುತ್ತದೆ. ತಳದಲ್ಲಿ ಎರಡು ಲೋಟ ನೀರಿರುವ ಹಂಡೆಯ ಕೆಳಗೆ ಸೌದೆ ತುರುಕಿದ ಹಾಗೆ. ಮಾತ್ರೆ ಶುರುವಾದ ಮೇಲೆ ಸುಸ್ತು ಇನ್ನೂ ಹೆಚ್ಚಿ, ವಾಂತಿ, ತಲೆಸುತ್ತು ಬಂದರೆ "ಅಭ್ಯಾಸವಾಗುತ್ತದೆ" ಎಂದು ಸುಮ್ಮನಿರಬೇಡಿ, ಅಂದೇ ವೈದ್ಯರ ಬಳಿ ಹೋಗಿ. ಎರಡೂ ಕೊರತೆ ಇದ್ದವರಿಗೆ ಮೊದಲು ಕಾರ್ಟಿಸಾಲ್ ಕೊರತೆ ತುಂಬುವ ಔಷಧ ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಈ ಕ್ರಮ ತಪ್ಪುವಂತಿಲ್ಲ.

ಹೆರಿಗೆಯಲ್ಲಿ ಬಹಳ ರಕ್ತ ಹೋದ ತಾಯಂದಿರ ಮಾತನ್ನು ಬೇರೆಯಾಗಿಯೇ ಹೇಳಬೇಕು. ಆಗ ಮೇಸ್ತ್ರಿಯೇ, ಅಂದರೆ ಪಿಟ್ಯುಟರಿಯೇ ಹಾಳಾಗಬಹುದು. ಎದೆಹಾಲು ಬರಲಿಲ್ಲ, ಮುಟ್ಟು ಮರಳಲಿಲ್ಲ, ಅಂದಿನಿಂದ ಸುಸ್ತು ಬಿಟ್ಟಿಲ್ಲ. ವರ್ಷಗಟ್ಟಲೆ ಯಾರೂ ಕಾರಣ ಕೇಳಿರುವುದಿಲ್ಲ. ಇವರ ಟಿಎಸ್‌ಎಚ್ ಸರಿಯಾಗಿಯೇ ಕಾಣಬಹುದು, ಕೂಗಬೇಕಾದ ಮೇಸ್ತ್ರಿಗೇ ದನಿಯಿಲ್ಲವಲ್ಲ. ಟಿ4 ಮತ್ತು ಬೆಳಗಿನ ಕಾರ್ಟಿಸಾಲ್ ಎರಡನ್ನೂ ಕೇಳಿ ಮಾಡಿಸಿಕೊಳ್ಳಿ.

ಒತ್ತಡದಿಂದ ಅಡ್ರಿನಲ್ ದಣಿಯುತ್ತದೆ, ಅದಕ್ಕೆ "ಅಡ್ರಿನಲ್ ಫಟೀಗ್" ಎಂದು ಹೆಸರು ಎನ್ನುತ್ತ ಜೊಲ್ಲಿನ ಪರೀಕ್ಷೆ, ಪೌಡರ್ ಮಾರುವವರಿದ್ದಾರೆ. ಹಾರ್ಮೋನು ತಜ್ಞರ ಸಂಘಗಳು ಇದನ್ನು ಕಾಯಿಲೆಯೆಂದು ಒಪ್ಪಿಲ್ಲ. ಅಂಥ ಕೆಲವು ಪೌಡರುಗಳಲ್ಲಿ ಹೇಳದೆ ಬೆರೆಸಿದ ಹಾರ್ಮೋನು ಇರುವುದೂ ಉಂಟು. ಮಂಡಿನೋವಿಗೆ, ಉಬ್ಬಸಕ್ಕೆ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಕಾರ್ಟಿಸಾಲಿನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್ ಇದ್ದರೆ ಆಗುವುದು ಇದಕ್ಕಿಂತ ಕೇಡು. ಹೊರಗಿನಿಂದ ಬರುತ್ತಿದೆಯೆಂದು ಅಡ್ರಿನಲ್ ಕೆಲಸ ನಿಲ್ಲಿಸಿ ಮಲಗುತ್ತದೆ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ತಿಂದವರು ಒಮ್ಮೆಲೇ ಬಿಟ್ಟರೆ ಆ ಗ್ರಂಥಿ ತಕ್ಷಣ ಏಳುವುದಿಲ್ಲ. ವೈದ್ಯರು ಹೇಳಿದಂತೆ ಇಳಿಸುತ್ತಲೇ ಬಿಡಬೇಕು.

ಅಡ್ರಿನಲ್ ಕೊರತೆ ಖಚಿತವಾದವರಿಗೆ ಹೈಡ್ರೋಕಾರ್ಟಿಸೋನ್ ದಿನಕ್ಕೆ 15ರಿಂದ 25 ಮಿಲಿಗ್ರಾಂ, ಎರಡು ಮೂರು ಪಾಲು ಮಾಡಿ, ದೊಡ್ಡ ಪಾಲು ಬೆಳಿಗ್ಗೆ ಎದ್ದ ಕೂಡಲೇ. ಜ್ವರ ಬಂದ ದಿನಗಳಲ್ಲಿ ವೈದ್ಯರು ಮೊದಲೇ ಬರೆದುಕೊಟ್ಟಂತೆ ಡೋಸ್ ಎರಡು ಅಥವಾ ಮೂರು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ 100 ಮಿಲಿಗ್ರಾಂ ಇಂಜೆಕ್ಷನ್ನೇ ಬೇಕು, ಬೆಳಗಾಗಲೆಂದು ಕಾಯುವಂತಿಲ್ಲ. ಪರ್ಸಿನಲ್ಲಿ ಒಂದು ಚೀಟಿ ಸದಾ ಇರಲಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಡಿ: "ನನಗೆ ಅಡ್ರಿನಲ್ ಕೊರತೆಯಿದೆ. ಪ್ರಜ್ಞೆ ತಪ್ಪಿದ್ದರೆ ಮೊದಲು ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಕೊಡಿ, ಸಲೈನ್ ಹಾಕಿ." ಕೆಳಗೆ ಮನೆಯವರ ಫೋನ್ ನಂಬರ್.

ನಮಸ್ಕಾರ.