ಗರ್ಭಕೊರಳಿನ ಕ್ಯಾನ್ಸರು: ಹೊರಗಿನ ವಿಕಿರಣ, ಒಳಗಿನ ವಿಕಿರಣ

ಕೇಳುಗರಿಗೆ ನಮಸ್ಕಾರ. ಗರ್ಭಕೊರಳಿನ ಕ್ಯಾನ್ಸರು ಸುತ್ತಲಿನ ಅಂಗಾಂಶಕ್ಕೆ ಹಬ್ಬಿದ ಮೇಲೆ ವಿಕಿರಣವೇ ಮುಖ್ಯ ಚಿಕಿತ್ಸೆ. ಜನ ಇದನ್ನು ‘ಕರೆಂಟು ಕೊಡುವುದು’ ಎನ್ನುತ್ತಾರೆ. ಆ ಮಾತು ಕೇಳಿಯೇ ಹೆದರುವವರಿದ್ದಾರೆ. ಇಲ್ಲಿ ವಿದ್ಯುತ್ತಿನ ಹೊಡೆತವಿಲ್ಲ, ಹೊರಗಿನಿಂದ ಕಿರಣ ಕೊಡುವಾಗ ನೋವೂ ಇಲ್ಲ.

ಹೊರಗಿನ ವಿಕಿರಣವನ್ನು ಸಾಮಾನ್ಯವಾಗಿ ಐದು ವಾರಗಳಲ್ಲಿ 25 ಸಲ, ಒಟ್ಟು 45ರಿಂದ 50 ಗ್ರೇಯಷ್ಟು (ಗ್ರೇ ಎಂದರೆ ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ) ಕೊಡುತ್ತೇವೆ; ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರು ಔಷಧವಿರುತ್ತದೆ. ಹಳೆಯ ಕ್ರಮದಲ್ಲಿ ನಾಲ್ಕು ದಿಕ್ಕುಗಳಿಂದ ಕಿರಣ ಹಾಯಿಸುವುದರಿಂದ ನಡುವೆ ಸಿಕ್ಕಿದ ಕರುಳು, ಮೂತ್ರಕೋಶಗಳಿಗೂ ಬಹುಪಾಲು ಅದೇ ಪ್ರಮಾಣ ತಗಲುತ್ತದೆ. ಐಎಂಆರ್‌ಟಿ ಎಂಬ ಕ್ರಮ ಕಿರಣದ ತೀವ್ರತೆಯನ್ನು ಗುರಿಯ ಆಕಾರಕ್ಕೆ ತಕ್ಕಂತೆ ಏರಿಳಿಸಿ ಕರುಳನ್ನು ಸಾಧ್ಯವಾದಷ್ಟು ಉಳಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಪಡೆದ 300 ಮಹಿಳೆಯರ ಮೇಲೆ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಕರುಳಿನ ಗಣನೀಯ ತೊಂದರೆ ಹಳೆಯ ಕ್ರಮದಲ್ಲಿ ಶೇಕಡಾ 42ರಷ್ಟಿದ್ದರೆ, ಚಿತ್ರ ನೋಡಿಕೊಂಡು ಕೊಟ್ಟ ಐಎಂಆರ್‌ಟಿಯಲ್ಲಿ ಶೇಕಡಾ 21ರಷ್ಟಿತ್ತು.

ಆದರೆ ಗರ್ಭಕೋಶ ಒಳಗೇ ಇರುವವರಲ್ಲಿ ಒಂದು ತೊಡಕಿದೆ: ಮೂತ್ರಕೋಶ ತುಂಬಿದಂತೆ, ಖಾಲಿಯಾದಂತೆ ಗರ್ಭಕೋಶವೂ ಜರುಗಿ ಕಿರಣದ ಗುರಿ ತಪ್ಪಬಹುದು. ಬೆಳಗಿನ ಬಸ್ಸಿನಲ್ಲಿ ಬಂಟ್ವಾಳದಿಂದ ಮಂಗಳೂರಿಗೆ ಬರುವ ಬೀಡಿ ಕಟ್ಟುವ ತಾಯಿಗೆ ‘ಮೂತ್ರ ಮಾಡಿ ಬನ್ನಿ, ಅಳತೆಯ ನೀರು ಕುಡಿದು ಕಾಯಿರಿ’ ಎಂದು ದಿನಾ ಹೇಳುವುದು ಇದಕ್ಕಾಗಿಯೇ. ಬಾಟಲಿ ಹಿಡಿದು ಗಡಿಯಾರ ನೋಡುತ್ತ ಕೂರುವ ಆ ಹೊತ್ತೂ ಚಿಕಿತ್ಸೆಯ ಭಾಗವೇ.

‘ಹೊಸ ಮಿಷನ್ ಇರುವಾಗ ಒಳಗೆ ಯಾಕೆ ಇಡಬೇಕು ಡಾಕ್ಟರೇ?’ ಎಂದು ಹಲವರು ಕೇಳುತ್ತಾರೆ. ಒಳಗಿನ ವಿಕಿರಣಕ್ಕೆ ಬ್ರಾಕಿಥೆರಪಿ ಎನ್ನುತ್ತಾರೆ. ಅದರಲ್ಲಿ ಗರ್ಭಕೋಶದೊಳಕ್ಕೆ ಸಪೂರ ನಳಿಕೆಯಿಟ್ಟು, ಅಕ್ಕಿಕಾಳಿಗಿಂತ ಸಣ್ಣದಾದ, ವಿಕಿರಣ ಸೂಸುವ ಇರಿಡಿಯಂ ಲೋಹದ ತುಣುಕನ್ನು ನಳಿಕೆಯೊಳಗೆ ಕೆಲವು ನಿಮಿಷ ಹಾಯಿಸಿ ಹಿಂದಕ್ಕೆಳೆಯುತ್ತಾರೆ. ದೂರ ಹೆಚ್ಚಿದಂತೆ ಅದರ ಪ್ರಭಾವ ಬೇಗನೆ ಇಳಿಯುವುದರಿಂದ ಗೆಡ್ಡೆಗೆ, ಎರಡೂ ವಿಕಿರಣ ಸೇರಿ, 85 ಗ್ರೇಗೂ ಮೇಲೆ ಮುಟ್ಟಿಸಬಹುದು; ಪಕ್ಕದ ಗುದನಾಳ ಅಷ್ಟನ್ನು ತಾಳಿಕೊಳ್ಳಬೇಕಾಗುವುದಿಲ್ಲ. ಈ ಹಂತಕ್ಕೆ ಐಎಂಆರ್‌ಟಿ ಬದಲಿಯಲ್ಲ. ಸಾಧಾರಣ ಯಂತ್ರದ ಜೊತೆ ಒಳ್ಳೆಯ ಬ್ರಾಕಿಥೆರಪಿ ಸಿಗುವ ಆಸ್ಪತ್ರೆಯನ್ನೇ, ಹೊಚ್ಚಹೊಸ ಯಂತ್ರವಿದ್ದೂ ಅದಿಲ್ಲದ ಆಸ್ಪತ್ರೆಗಿಂತ ಮೊದಲು ನೋಡಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅರಿವಳಿಕೆ ಅಥವಾ ಮಂಪರಿನ ಮದ್ದು ಕೊಟ್ಟೇ ನಳಿಕೆ ಇಡುವುದರಿಂದ ನೋವನ್ನು ಹತೋಟಿಯಲ್ಲಿಡಬಹುದು.

ಐದು ವಾರ ಮುಗಿದು ರಕ್ತಸ್ರಾವ ನಿಂತೊಡನೆ, ಗುಣವಾಯಿತೆಂದು ಊರಿಗೆ ಹೋಗಿ ಉಳಿದುಬಿಡುವವರನ್ನು ಕಂಡು ನನಗೆ ಬಹಳ ಸಂಕಟವಾಗುತ್ತದೆ. ಹೊರಗಿನದೂ ಒಳಗಿನದೂ ಸೇರಿ ಇಡೀ ಚಿಕಿತ್ಸೆ ಎಂಟು ವಾರಗಳೊಳಗೆ ಮುಗಿಯಬೇಕು. ಮಳೆಗೋ ಜ್ವರಕ್ಕೋ ಒಂದು ದಿನ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಫೋನು ಮಾಡಿ. ಕನಿಷ್ಠ ಆರು ಗಂಟೆಯ ಅಂತರವಿಟ್ಟು ಒಂದೇ ದಿನ ಎರಡು ಸಲ ಕೊಟ್ಟು ಅದನ್ನು ಸರಿದೂಗಿಸಲು ಸಾಧ್ಯವಿದೆ.