ಚಾವಡಿಯಲ್ಲಿ 94, ಅಟ್ಟದಲ್ಲಿ 11

ನಮಸ್ಕಾರ. ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ, ತೋಟದ ನಡುವೆ. ನಮಗೂ ಪಕ್ಕದ ಮನೆಯವರಿಗೂ ಒಂದೇ ಕಂಪೆನಿಯ ನೆಟ್, ಒಂದೇ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪ್ಲಾನ್, ಒಂದೇ ಕಂಬದಿಂದ ಅಡಿಕೆ ಮರಕ್ಕೆ ಕಟ್ಟಿಕೊಂಡು ಬಂದ ವಯರು. ಹೋದ ಮಳೆಗಾಲದಲ್ಲಿ ಒಂದು ಸಂಜೆ ಅವರು ಫೋನ್ ಹಿಡಿದುಕೊಂಡೇ ಬಂದರು. 'ನೋಡಿ, ಸ್ಪೀಡ್ ಟೆಸ್ಟಿನಲ್ಲಿ 94 ಬರ್ತದೆ!' ನಾನು ಅಟ್ಟದ ಕೋಣೆಗೆ ಹೋಗಿ ನೋಡಿದೆ. 11.

ಪಿತ್ತ ನೆತ್ತಿಗೇರಿತು. ಮೂರು ಸಲ ಕಂಪ್ಲೇಂಟ್ ಕೊಟ್ಟೆ. ಕೊನೆಗೆ ಲೈನಿನ ಹುಡುಗ ಬಂದು, ವೈಫೈ ಬಾಕ್ಸಿಗೆ ತನ್ನ ಲ್ಯಾಪ್‌ಟಾಪ್ ವಯರಿನಲ್ಲೇ ಸಿಕ್ಕಿಸಿ ಟೆಸ್ಟ್ ಮಾಡಿದ. 95. 'ನಿಮ್ಮ ನೆಟ್ ಸರಿ ಉಂಟು, ಗೋಡೆ ಸರಿ ಇಲ್ಲ' ಅಂದ.

ಮಾತು ಖಾರ, ಆದರೆ ನಿಜ. ನಮ್ಮದು ಕೆಂಪುಕಲ್ಲಿನ ಹಳೇ ಮನೆ, ಗೋಡೆ ಒಂದು ಮೊಳ ದಪ್ಪ. ಬಾಕ್ಸ್ ಇರುವುದು ಚಾವಡಿಯ ಮೂಲೆಯಲ್ಲಿ, ಟಿವಿಯ ಹಿಂದೆ. ವೈಫೈಯಲ್ಲಿ 2.4, 5 ಅಂತ ಎರಡು ಹೆಸರು ಬರ್ತದಲ್ವಾ, ಅದರಲ್ಲಿ 5 ಓಟಗಾರ, ಆದರೆ ಗೋಡೆ ಕಂಡರೆ ಸುಸ್ತು. 2.4 ನಿಧಾನ, ಆದರೆ ಒಂದೆರಡು ಗೋಡೆ ದಾಟಿ ಹೇಗೋ ಬಂದು ಮುಟ್ಟುತ್ತದೆ. ಅಟ್ಟದಲ್ಲಿ ನನಗೆ ಸಿಗುತ್ತಿದ್ದದ್ದು ಅದೇ. ಪಕ್ಕದವರು ಬಾಕ್ಸಿನ ಅಡಿಯಲ್ಲೇ ನಿಂತು ಟೆಸ್ಟ್ ಮಾಡಿದ್ದರು. ಇಬ್ಬರದ್ದನ್ನೂ ಹೋಲಿಸಿದ್ದೇ ತಪ್ಪು.

ಹಾಗಾಗಿ ಕಂಪೆನಿಯವರ ಹತ್ತಿರ ಜಗಳಕ್ಕೆ ಹೋಗುವ ಮೊದಲು ಒಮ್ಮೆ ವಯರು ಹಾಕಿ ನೋಡಿ. ಮನೆಯ ಬೇರೆ ಫೋನ್, ಟಿವಿ ಎಲ್ಲ ಆಫ್ ಮಾಡಿ. ಬೆಳಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ನೋಡಿ, ಯಾಕಂದರೆ ರಾತ್ರಿ ಊರಿಡೀ ವೀಡಿಯೋ ನೋಡ್ತದೆ. ಆಗಲೂ ಕಡಿಮೆ ಬಂದರೆ ಧೈರ್ಯವಾಗಿ ಫೋನ್ ಮಾಡಿ.

ಇನ್ನೊಂದು ಗೊಂದಲ. ಸಿನಿಮಾ ಡೌನ್‌ಲೋಡ್ ಮಾಡುವಾಗ 12 ಅಂತ ತೋರಿಸುತ್ತದೆ, 100 ಎಲ್ಲಿ ಹೋಯಿತು ಅಂತ ಕೇಳುವವರು ತುಂಬ ಜನ. ಎಲ್ಲಿಗೂ ಹೋಗಿಲ್ಲ. ಪ್ಲಾನಿನ ಲೆಕ್ಕ ಬಿಟ್‌ನಲ್ಲಿ, ಫೈಲಿನ ಲೆಕ್ಕ ಬೈಟ್‌ನಲ್ಲಿ. 8 ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿ, ಹನ್ನೆರಡೂವರೆ.

ಟೆಸ್ಟ್ ಆ್ಯಪ್‌ಗಳೂ ಒಂದೊಂದು ಒಂದೊಂದು ಹೇಳ್ತವೆ. ಊಕ್ಲಾದವರ ಸ್ಪೀಡ್‌ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರನ್ನೇ (ಡೇಟಾ ಕಳಿಸುವ ಆ ಕಡೆಯ ಕಂಪ್ಯೂಟರ್) ಹುಡುಕುತ್ತದೆ. ಅದು ನಿಮ್ಮ ಕಂಪೆನಿಯದ್ದೇ ಸರ್ವರ್ ಆದರೆ ಅಂಕೆ ಚಂದವೇ ಬರ್ತದೆ, ಅಂಗಳದಿಂದ ಗೇಟಿನವರೆಗೆ ಓಡಿ ರಸ್ತೆ ಚೆನ್ನಾಗಿದೆ ಅಂದ ಹಾಗೆ. 2016ರಲ್ಲಿ ನೆಟ್‌ಫ್ಲಿಕ್ಸ್ ತಂದ ಫಾಸ್ಟ್ ಡಾಟ್ ಕಾಮ್ ನೆಟ್‌ಫ್ಲಿಕ್ಸಿನ ಸರ್ವರಿನಿಂದಲೇ ಅಳೆಯುತ್ತದೆ. ಎರಡರ ಅಂಕೆ ಒಂದೇ ಬರಬೇಕೆಂದಿಲ್ಲ. ಹೋಲಿಸುವುದಾದರೆ ಒಂದೇ ಆ್ಯಪ್, ಒಂದೇ ಸರ್ವರ್, ಒಂದೇ ಹೊತ್ತು.

ಮೊಬೈಲ್ ಡೇಟಾದಲ್ಲಿ ಮಾತ್ರ ಸುಮ್ನೆ ಮತ್ತೆ ಮತ್ತೆ ಟೆಸ್ಟ್ ಒತ್ತಬೇಡಿ ಮಾರಾಯ್ರೆ. 100ರ ಸ್ಪೀಡಿನಲ್ಲಿ ಹತ್ತು ಸೆಕೆಂಡ್ ಓಡಿದರೆ 125 ಎಂಬಿ ಹೋಯಿತು. ನನ್ನ ಒಂದು ದಿನದ ಒಂದೂವರೆ ಜಿಬಿ ಹೀಗೆ ಮಧ್ಯಾಹ್ನದೊಳಗೆ ಖಾಲಿಯಾಗಿದೆ.

ಸ್ಪೀಡಿಗಿಂತ ಹೆಚ್ಚು ನೋಡಬೇಕಾದದ್ದು ಪಿಂಗ್. ನಾವು ಕೂಗಿದ್ದಕ್ಕೆ ಆ ಕಡೆಯಿಂದ ಓ ಅನ್ನಲು ಎಷ್ಟು ಹೊತ್ತು ಹಿಡಿಯಿತು ಅನ್ನುವ ಲೆಕ್ಕ ಅದು, ಮಿಲಿಸೆಕೆಂಡಿನಲ್ಲಿ. ನಮ್ಮಲ್ಲಿ ಖಾಲಿ ಇದ್ದಾಗ 9. ಮಗಳು ಮದುವೆ ಫೋಟೋ ಎಲ್ಲ ಅಪ್‌ಲೋಡ್ ಮಾಡಲು ಹಾಕಿದ ದಿನ ನೋಡಿದರೆ 240! ದುಬೈಯಿಂದ ತಮ್ಮ ವೀಡಿಯೋ ಕಾಲ್ ಮಾಡಿದ್ದ, ಅವನ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ಡೌನ್‌ಲೋಡ್ ಸ್ಪೀಡ್ ಆಗಲೂ 80ರ ಮೇಲೆಯೇ ಇತ್ತು.

ನಿಜ ಹೇಳಬೇಕೆಂದರೆ ಎಷ್ಟು ಬೇಕು? ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ 2023ರಲ್ಲಿ ಮಾಡಿದರು, ಅದಕ್ಕೆ ಮೊದಲು 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್ ಇದ್ದರೆ ಸಾಕಿತ್ತು. ಒಂದು ಎಚ್‌ಡಿ ವೀಡಿಯೋಗೆ 5 ಧಾರಾಳ. ಅಂದರೆ ನನ್ನ 11ರಲ್ಲಿ ಎರಡು ವೀಡಿಯೋ ನಡೆಯುತ್ತಿತ್ತು, ಹೊಟ್ಟೆ ಉರಿದದ್ದು ಪಕ್ಕದ ಮನೆಯ 94 ನೋಡಿ.

ಆ 94ರ ಕತೆ ಮುಗಿದಿಲ್ಲ. ಅವರು ದೀಪಾವಳಿಗೆ 200ರ ಪ್ಲಾನ್ ಹಾಕಿಸಿದರು. ಬಂದದ್ದು ಮತ್ತೆ 94. ಈಗ ಪಿತ್ತ ಏರಿದ್ದು ಅವರಿಗೆ. ನಾನು ಹೋಗಿ ನೋಡಿದೆ. ಫೈಬರ್ ಬಾಕ್ಸಿನಿಂದ ವೈಫೈ ಬಾಕ್ಸಿಗೆ ಒಂದು ಹಳೇ ವಯರು, ಯಾರೋ ಕೈಯಲ್ಲಿ ಕ್ಲಿಪ್ ಒತ್ತಿ ಕೊಟ್ಟದ್ದು. ಬೆಳಕಿಗೆ ಹಿಡಿದರೆ ಎಂಟು ಎಳೆಯಲ್ಲಿ ಕಿತ್ತಳೆ ಜೋಡಿ, ಹಸುರು ಜೋಡಿ ಮಾತ್ರ ಒಳಗೆ ಕೂತಿವೆ. ನೀಲಿ, ಕಂದು ಎರಡನ್ನೂ ಕತ್ತರಿಸಿ ಹಿಂದಕ್ಕೆ ಮಡಚಿದ್ದಾರೆ. ನಾಲ್ಕು ಎಳೆಯಲ್ಲಿ 100 ದಾಟುವುದಿಲ್ಲ, ಅದರಲ್ಲೂ ಡೇಟಾದ ಜೊತೆ ಹೋಗುವ ವಿಳಾಸ, ಲೆಕ್ಕಾಚಾರಕ್ಕೆ ಸ್ವಲ್ಪ ಹೋಗಿ ಕೈಗೆ ಸಿಗುವುದು 94, 95. ಎಷ್ಟು ದೊಡ್ಡ ಪ್ಲಾನ್ ಹಾಕಿದರೂ ಅಂಕೆ ಅಲ್ಲೇ ಅಂಟಿಕೊಂಡರೆ ಮೊದಲು ಈ ವಯರನ್ನೇ ನೋಡಬೇಕು.

ಕುಂಬಳೆಯಿಂದ ಹೊಸ ವಯರು ತಂದು ಸಿಕ್ಕಿಸಿದೆವು. 188. ನಾನು ನಮ್ಮ ಬಾಕ್ಸನ್ನು ಟಿವಿಯ ಹಿಂದಿನಿಂದ ತೆಗೆದು ಅಟ್ಟದ ಮೆಟ್ಟಿಲ ಮೇಲೆ ಇಟ್ಟಿದ್ದೇನೆ, ಕೋಣೆಯಲ್ಲಿ ಈಗ 60 ಬರುತ್ತದೆ. ನಿನ್ನೆ ಸಂಜೆ ಅವರು ಮತ್ತೆ ಫೋನ್ ಹಿಡಿದುಕೊಂಡು ಬಂದಿದ್ದರು. ಚಹಾ ಕೊಟ್ಟೆ, ಫೋನ್ ನೋಡಲಿಲ್ಲ.